ಒಂದೇ ಒಂದು ಸುಳ್ಳು ಹೇಳಿ

"ನಿಲ್ಲಿಸಿ ಈ ತಮಾಷೆನ!"

ಹಿಂದಿನ ಸಾಲಿನಿಂದ ಬಂದ ಆ ದನಿಗೆ ಚೋಲ್ಪೊನ್‌ಳ ಕೈಯಲ್ಲಿದ್ದ ಗಾಜಿನ ಲೋಟ ಎತ್ತಿದಲ್ಲೇ ನಿಂತಿತು.

ಕೆಂಪು ಎಲೆಕೋಸಿನ ನೇರಳೆ ರಸಕ್ಕೆ ಅವಳು ಆಗಷ್ಟೇ ವಿನೆಗರ್ ಹನಿಸಿದ್ದಳು. ರಸ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಅದನ್ನು ನೋಡಬೇಕಿದ್ದ ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಕೂತಿದ್ದರು.

ಎತ್ತರದ ಗಂಡಸೊಬ್ಬ ಎದ್ದು ನಿಂತಿದ್ದ. ಅವನ ಕಣ್ಣುಗಳು ಕೆಂಡದಂತಿದ್ದವು.

"ರಸಾಯನಶಾಸ್ತ್ರ ಅಂದ್ರೆ ಏನು ಅಂತ ಈ ಊರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಮೇಡಂ! ಗುಡ್ಡದ ಮೇಲಿರೋ ಗೋರಿಗಳನ್ನ ಕೇಳಿ. ಅಲ್ಲಿ ನನ್ನ ತಮ್ಮನೂ ಇದಾನೆ. ಬಣ್ಣದ ನೀರು ತೋರಿಸಿ ನಮ್ಮನ್ನ ಮರುಳು ಮಾಡೋಕೆ ಕಂಪನಿಯವ್ರು ಎಷ್ಟು ಕೊಟ್ರು ನಿಮಗೆ?"

"ಕಂಪನಿಯಾ? ಯಾವ ಕಂಪನಿ? ನಾವು ಯಾರ ಹತ್ರಾನೂ..."

"ನಿಮ್ಮ ಬೆನ್ನ ಹಿಂದೆ ಏನು ತೂಗ್ತಿದೆ, ನೋಡ್ಕೊಳ್ಳಿ ಮೊದ್ಲು!"

ಅವನು ಬಾಗಿಲು ಬಡಿದು ಹೊರಟುಹೋದ. ಚೋಲ್ಪೊನ್ ಹಿಂತಿರುಗಿ ನೋಡಿದಳು. ವೇದಿಕೆಯ ಗೋಡೆಯ ಮೇಲೆ ಗಣಿ ಕಂಪನಿಯೊಂದರ ದೊಡ್ಡ ಬ್ಯಾನರ್!

ಕೆನ್-ಬುಲಾಕ್ ಒಂದು ಕಾಲದಲ್ಲಿ ಲೋಹ ಕರಗಿಸುವ ಕಾರ್ಖಾನೆಯ ಊರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ಅದು ಉಗುಳಿದ ಬೂದು ತ್ಯಾಜ್ಯದ ಗುಡ್ಡ ಮಾತ್ರ ಊರಿನ ನೆತ್ತಿಯ ಮೇಲೆ ಹಾಗೇ ಕೂತಿತ್ತು. ಹೊಸ ಗಣಿ ಕಂಪನಿಯೊಂದು ಆ ಕಾರ್ಖಾನೆಯನ್ನು ಮತ್ತೆ ತೆರೆಯಲು ಹವಣಿಸುತ್ತಿತ್ತು. ಚೋಲ್ಪೊನ್ ಮತ್ತು ಅವಳ ಮೂವರು ಗೆಳತಿಯರು ರಾಜಧಾನಿ ಬಿಷ್ಕೆಕ್‌ನ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು. ರಜೆ ಸಿಕ್ಕಾಗಲೆಲ್ಲ ಕೈಯಿಂದಲೇ ಖರ್ಚು ಹಾಕಿಕೊಂಡು ಇಂಥ ಊರುಗಳಿಗೆ ಹೋಗಿ ಮಕ್ಕಳಿಗೆ ರಸಾಯನಶಾಸ್ತ್ರ ತೋರಿಸುತ್ತಿದ್ದರು.

"ಬೇಜಾರು ಮಾಡ್ಕೋಬೇಡ ಮಗಳೇ," ಎಂದರು ಸಾಂಸ್ಕೃತಿಕ ಭವನ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಸೋನುನ್. "ಆ ಬ್ಯಾನರ್ ಹೋದ ವಾರ ಕಂಪನಿಯವ್ರು ಮಾಡಿದ ಸಭೇದು. ಇಳಿಸೋಕೆ ನನಗೆ ಏಣಿ ಸಿಗ್ಲಿಲ್ಲ. ಅವನು ಎರ್ಮೆಕ್, ನನ್ನ ಅಕ್ಕನ ಮಗ. ಬಾಯಿ ಬೆಂಕಿ, ಮನಸ್ಸು ಕೆಟ್ಟದ್ದಲ್ಲ."

'ಮನಸ್ಸು ಕೆಟ್ಟದ್ದಲ್ಲವಂತೆ! ಇನ್ನೆಂದೂ ಅವನ ಮುಖ ನೋಡಬಾರದು...' ಎಂದುಕೊಂಡಳು ಚೋಲ್ಪೊನ್. ಆದರೆ ವಾಪಸ್ಸು ಹೋಗುವ ದಾರಿಯುದ್ದಕ್ಕೂ ಅವಳ ಕಣ್ಣಿಗೆ ಕಟ್ಟಿದ್ದು ಅದೇ ಮುಖ.

ಮುಂದಿನ ತಿಂಗಳು ಅವಳು ಬಣ್ಣದ ರಸ ತರಲಿಲ್ಲ. ನೀರು ಪರೀಕ್ಷೆಯ ಪೆಟ್ಟಿಗೆಗಳನ್ನು ತಂದಳು.

"ನಿಮ್ಮ ನೀರಲ್ಲಿ ಏನಿದೆ ಅಂತ ನೀವೇ ನೋಡಿ. ನಾನು ಹೇಳೋದನ್ನ ನಂಬಬೇಡಿ, ಕಂಪನಿ ಹೇಳೋದನ್ನೂ ನಂಬಬೇಡಿ," ಎಂದು ಬೀದಿಯ ಹೆಂಗಸರಿಗೆ ಕಲಿಸುತ್ತಿದ್ದಾಗ ಎರ್ಮೆಕ್ ಬೇಲಿಗೊರಗಿ ಕೇಳುತ್ತಿದ್ದ. ಆಮೇಲೆ ಮೆಲ್ಲಗೆ ಹತ್ತಿರ ಬಂದ.

"ಅವತ್ತು... ವಿಚಾರಿಸದೆ ಮಾತಾಡ್ಬಿಟ್ಟೆ."

"ಮಾತಾಡಿದ್ದಲ್ಲ, ಕಿರುಚಿದ್ದು."

"ಹೂಂ, ಕಿರುಚಿದೆ." ಅವನು ತಲೆ ತಗ್ಗಿಸಿದ. "ಪೆಟ್ಟಿಗೆ ಭಾರ ಇದ್ದ ಹಾಗಿದೆ. ಕೊಡಿ, ಹೊರ್ತೀನಿ."

ಅಂದು ಅವನು ಮನೆಮನೆಗೂ ಪೆಟ್ಟಿಗೆ ಹೊತ್ತ. ಕೊನೆಗೆ ತನ್ನ ಮನೆಗೂ ಕರೆದೊಯ್ದ. ಕಾಯಿಲೆಯಿಂದ ಬಡಕಲಾಗಿದ್ದ ಅವನ ಅಮ್ಮ ಕಾಲಿಮಾ ಚೋಲ್ಪೊನ್‌ಳ ಮುಂದೆ ಬ್ರೆಡ್ಡು, ಕೆನೆ ಇಟ್ಟು ಚಹಾ ಬಗ್ಗಿಸಿಕೊಟ್ಟರು.

"ಇವನು ಇಷ್ಟು ಮಾತಾಡಿದ್ದನ್ನ ನಾನು ನೋಡಿ ಎಷ್ಟು ಕಾಲವಾಯ್ತು! ನೀನು ಬರ್ತಿರು ಮಗಳೇ."

ಚೋಲ್ಪೊನ್‌ಳ ಕೆನ್ನೆ ಕೆಂಪೇರಿತು.

ಎರ್ಮೆಕ್ ಅಂಗಳದ ಕೈಪಂಪನ್ನು ಹೆಮ್ಮೆಯಿಂದ ತೋರಿಸಿದ. "ತಮ್ಮ ಹೋದ ಮೇಲೆ ನಾನೇ ಕೊರೆಸಿದ್ದು. ತ್ಯಾಜ್ಯದ ಗುಡ್ಡದಿಂದ ವಿಷ ಇಳಿಯೋ ಹೊಳೆ ನೀರನ್ನ ಇನ್ನು ಯಾರೂ ಕುಡೀಬಾರದು ಅಂತ. ಬೀದಿಯವರೆಲ್ಲ ಇಲ್ಲಿಂದಲೇ ಒಯ್ತಾರೆ. ಇದನ್ನೂ ಪರೀಕ್ಷೆ ಮಾಡಿ!"

ಅವಳು ನಗುತ್ತಲೇ ಬಾಟಲಿಗೆ ನೀರು ತುಂಬಿಸಿ, ಪುಡಿ ಬೆರೆಸಿ, ಮುಚ್ಚಳಕ್ಕೆ ಕಾಗದದ ಪಟ್ಟಿ ಸಿಕ್ಕಿಸಿದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು. ಅವನು ತಮ್ಮನ ತುಂಟತನಗಳನ್ನು ಹೇಳುತ್ತಿದ್ದ...

ಪಟ್ಟಿ ಹಳದಿಯಾಯಿತು. ನೋಡನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು.

ಚೋಲ್ಪೊನ್‌ಳ ನಗು ಅಲ್ಲೇ ಸತ್ತಿತು.

"ಏನಾಯ್ತು?"

"ಆರ್ಸೆನಿಕ್... ಪಾಷಾಣ. ತುಂಬಾ ಇದೆ. ಈ ನೀರು ಕುಡೀಬೇಡಿ ಎರ್ಮೆಕ್. ಅಮ್ಮನಿಗಂತೂ ಕೊಡಲೇಬೇಡಿ."

ಅವನ ಮುಖ ಕಲ್ಲಾಯಿತು. "ನಿಮ್ಮ ಪುಡಿಯಲ್ಲೇ ಏನೋ ತಪ್ಪಿರಬೇಕು."

"ಬಿಷ್ಕೆಕ್‌ಗೆ ಒಯ್ದು ಇನ್ನೊಮ್ಮೆ ನೋಡಿಸ್ತೀನಿ. ಅಲ್ಲೀವರೆಗಾದ್ರೂ..."

"ನನ್ನ ಕೈಯಾರೆ ನಾನು ಊರಿಗೆ ವಿಷ ಕುಡಿಸಿದೆ ಅಂತೀರಾ? ಹೋಗಿ ಇಲ್ಲಿಂದ!"

ಬಿಷ್ಕೆಕ್‌ನಲ್ಲೂ ಅದೇ ಫಲಿತಾಂಶ ಬಂತು. ಅವಳು ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಸೋನುನ್ ಮೂಲಕ ಹೇಳಿ ಕಳಿಸಿದಳು. ಅವನು ಕಿವಿಗೊಡಲಿಲ್ಲ, ಬೀದಿಯವರೂ ಅವನನ್ನೇ ನಂಬಿದರು. ಕಣಿವೆಯ ರಸ್ತೆ ಹಿಮದಲ್ಲಿ ಮುಚ್ಚಿಹೋಯಿತು. 'ನಾನೇ ಹೋಗಿ ಗಟ್ಟಿಯಾಗಿ ನಿಂತಿದ್ದರೆ...' ಎಂಬ ಕೊರಗು ಅವಳನ್ನು ಚಳಿಗಾಲವಿಡೀ ತಿಂದಿತು.

ರಸ್ತೆ ತೆರೆಯುವ ಹೊತ್ತಿಗೆ ಸೋನುನ್ ಅವರ ಫೋನ್ ಬಂತು. ಕಾಲಿಮಾ ತೀರಿಕೊಂಡಿದ್ದರು.

ಅಂಗಳದಲ್ಲಿ ಸಾವಿನ ಯುರ್ತ್ ಎದ್ದಿತ್ತು. ಆ ಡೇರೆಯೊಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಹೊರಗೆ ಎರ್ಮೆಕ್ ಪದ್ಧತಿಯಂತೆ ಕೋಲೂರಿ ನಿಂತು "ಅಯ್ಯೋ ನನ್ನಮ್ಮಾ!" ಎಂದು ಗೋಳಾಡುತ್ತಿದ್ದ. ಚೋಲ್ಪೊನ್ ಕಣ್ಣೊರೆಸಿಕೊಳ್ಳುತ್ತ ಅತ್ತ ಹೆಜ್ಜೆ ಹಾಕಿದವಳು ತಟ್ಟನೆ ನಿಂತಳು.

ಹೆಂಗಸೊಬ್ಬಳು ಸಾವಿಗೆ ಬಂದವರ ಚಹಾಕ್ಕೆಂದು ಅದೇ ಪಂಪಿನಿಂದ ಬಕೆಟ್ಟು ತುಂಬಿಸುತ್ತಿದ್ದಳು!

'ಇವತ್ತು ಬೇಡ... ಸಾವಿನ ಮನೆ...' ಅಂದಿತು ಮನಸ್ಸು. ಆದರೆ ಕಾಲು ಕೇಳಲಿಲ್ಲ. ಓಡಿಹೋಗಿ ಪಂಪಿನ ಹಿಡಿ ಹಿಡಿದಳು.

"ಬೇಡ ಅಕ್ಕಾ! ಈ ನೀರು ಬೇಡ! ಕುದಿಸಿದ್ರೂ ಆ ವಿಷ ಹೋಗಲ್ಲ!"

"ನಾಚಿಕೆ ಆಗಲ್ವಾ ನಿನಗೆ?" ಎಂದಳು ಆಕೆ. "ಹೆಣದ ಮುಂದೆ ನಿಂತು ತಾಯಿಗೆ ವಿಷ ಕುಡಿಸಿದೆ ಅಂತ ಮಗನಿಗೇ ಹೇಳ್ತೀಯಲ್ಲ!"

ಅಳು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ಎರ್ಮೆಕ್ ಕೋಲು ಬಿಟ್ಟು ನಡೆದು ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ನೀವು ಹೇಳಿದ ಮೇಲೂ ನಾನು ಅಮ್ಮನಿಗೆ ಇದೇ ನೀರು ಕೊಟ್ಟೆ. ನನ್ನ ಹಟಕ್ಕೆ. ಚೋಲ್ಪೊನ್... ಈ ನೀರಿಂದ ಅಮ್ಮ ಹೋಗ್ಲಿಲ್ಲ ಅಂತ ಹೇಳಿ. ಒಂದೇ ಒಂದು ಸುಳ್ಳು ಹೇಳಿ. ನಾನು ನಂಬ್ತೀನಿ."

ಹೇಳಿಬಿಡಲೇ? ಈ ಜೀವ ಒಂದಿಷ್ಟು ಉಸಿರಾಡೀತು... ಅವಳು ಬೀದಿಯ ಕಡೆ ನೋಡಿದಳು. ಬಾಗಿಲಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು ನಿಂತಿದ್ದರು.

"ನನಗೆ ಗೊತ್ತಿಲ್ಲ ಎರ್ಮೆಕ್. ಅವರು ಮೊದಲಿಂದಲೂ ಕಾಯಿಲೆಯವರು. ನೀರಿಂದಲೇ ಹೋದ್ರು ಅನ್ನೋಕಾಗಲ್ಲ... ಅಲ್ಲ ಅಂತಲೂ ಹೇಳಲಾರೆ. ಆದ್ರೆ ಇವರೆಲ್ಲ ಇವತ್ತೂ ಇದನ್ನೇ ಕುಡೀತಿದಾರೆ. ನಾನು ಸುಳ್ಳು ಹೇಳಿದ್ರೆ ನಾಳೇನೂ ಕುಡೀತಾರೆ."

ಅವನು ಬಕೆಟ್ಟನ್ನು ಮಣ್ಣಿಗೆ ಬೋರಲು ಹಾಕಿದ. ಎರಡೂ ಕೈಯಿಂದ ಎಳೆದು, ತಿರುಚಿ, ಪಂಪಿನ ಹಿಡಿಯನ್ನೇ ಕಿತ್ತ. ಅಮ್ಮನಿದ್ದ ಯುರ್ತ್‌ನ ಬಾಗಿಲಿಗೆ ಮರಳಿದ.

'ಮುಗಿಯಿತು,' ಎಂದುಕೊಂಡಳು ಚೋಲ್ಪೊನ್. 'ಇನ್ನು ಅವನು ನನ್ನತ್ತ ನೋಡುವುದಿಲ್ಲ.'

ಮೇ ತಿಂಗಳ ಕೊನೆಯ ಭಾನುವಾರ ರಸಾಯನಶಾಸ್ತ್ರಜ್ಞರ ದಿನ. ಆ ದಿನವನ್ನು ಕೆನ್-ಬುಲಾಕ್‌ನಲ್ಲೇ ಆಚರಿಸೋಣವೆಂದು ಗೆಳತಿಯರು ಹಟ ಹಿಡಿದರು. ಅವಳು ಅಳುಕುತ್ತಲೇ ಬಂದಳು. ಯಾರು ಬಂದಾರು?

ಭವನ ತುಂಬಿತ್ತು!

ಎರ್ಮೆಕ್ ವೇದಿಕೆ ಹತ್ತಿದ. ಸೊರಗಿದ್ದ, ಕೂದಲು ಅಲ್ಲಲ್ಲಿ ನರೆತಿತ್ತು.

"ನಾನು ಕೊರೆಸಿದ ನೀರಲ್ಲಿ ಪಾಷಾಣ ಇತ್ತು. ಈ ಹುಡುಗಿ ಹೇಳಿದ್ಲು, ನಾನು ಕೇಳ್ಲಿಲ್ಲ. ಈಗ ಮೇಲಿನ ಬುಗ್ಗೆ ನೀರನ್ನ ಅವಳು ಕಲಿಸಿದ ಹಾಗೇ ನಾವೇ ಪರೀಕ್ಷೆ ಮಾಡಿದೀವಿ. ಅದು ಒಳ್ಳೇದು. ಅಲ್ಲಿಂದ ನಮ್ಮ ಬೀದಿಗೆ ಪೈಪು ಹಾಕಿದೀವಿ. ಮಿಕ್ಕ ಬೀದಿಯವರೂ ಕೈ ಜೋಡಿಸಿ. ನಿಮ್ಮ ಮಕ್ಕಳನ್ನ ಇವಳ ಪಾಠಕ್ಕೆ ಕಳಿಸಿ. ನನ್ನ ಹಾಗೆ... ತಡ ಮಾಡಬೇಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುದುಕರು ಪ್ರಾರ್ಥನೆ ಮುಗಿಸುವಾಗಿನಂತೆ ಎರಡೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಸೋನುನ್ ಅವಳನ್ನು ಭವನದ ಹಿಂದಿನ ಸೇಬಿನ ಮರದ ಕೆಳಗೆ ಕರೆದರು. ಎರ್ಮೆಕ್ ಅಲ್ಲೇ ನಿಂತಿದ್ದ. ಸೋನುನ್ ಬಿಳಿ ಬಟ್ಟೆ ಬಿಚ್ಚಿದರು. ಒಳಗೆ ಬೆಳ್ಳಿಯ ಓಲೆಗಳಿದ್ದವು.

"ಸೊಸೆಯಾಗೋಳಿಗೆ ಅತ್ತೇನೇ ಓಲೆ ಹಾಕ್ಬೇಕು. ನನ್ನಕ್ಕ ಇಲ್ಲ. ಕಣ್ಣು ಮುಚ್ಚೋ ಮುಂಚೆ ಇದನ್ನ ನನ್ನ ಕೈಲಿಟ್ಟು ನಿನ್ನ ಹೆಸರು ಹೇಳಿದ್ಲು. ಹಾಕ್ಲಾ ಮಗಳೇ?"

ಚೋಲ್ಪೊನ್‌ಳ ಕಣ್ಣು ತುಂಬಿ ಬಂತು. ಎರ್ಮೆಕ್ ಕಡೆ ತಿರುಗಿದಳು. "ನೀವೇನೂ ಹೇಳಲ್ವಾ?"

"ಈ ಕತ್ತೆಗೆ ಕಿರುಚೋಕೆ ಮಾತ್ರ ಬರುತ್ತೆ," ಎಂದು ಸೋನುನ್ ಗದರಿದರು. "ಹೇಳೋ!"

"ನನ್ನ ಮನೇಲಿ ದುಃಖ ಇದೆ ಚೋಲ್ಪೊನ್. ಅದು ಬೇಗ ಹೋಗಲ್ಲ. ಬಹುಶಃ ಹೋಗೋದೇ ಇಲ್ಲ. ಆದ್ರೆ ಅವತ್ತು ಅಷ್ಟು ಜನರ ಮಧ್ಯೆ ನೀನು ಸುಳ್ಳು ಹೇಳ್ಲಿಲ್ಲ ನೋಡು... ಆಗಿಂದ ನಾನು ನಂಬೋದು ನಿನ್ನೊಬ್ಬಳನ್ನೇ. ನಿನ್ನ ಪ್ರೀತಿಸ್ತೀನಿ. ಅಂಥ ಮನೆಗೆ ಬರ್ತೀಯಾ?"

ಅವಳು ಸೋನುನ್ ಕಡೆ ತಲೆ ಬಾಗಿಸಿದಳು. ಆ ಒರಟು ಬೆರಳುಗಳು ಅವಳ ಕಿವಿಗೆ ಓಲೆ ಏರಿಸಿದವು. ಸೆರಗಿನಂಥ ತಮ್ಮ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಸೋನುನ್ ಮೆಲ್ಲಗೆ ಅಲ್ಲಿಂದ ಸರಿದರು.

"ಈಗ 'ನೀನು' ಅಂದ್ರಲ್ಲ?" ಎಂದಳು ಚೋಲ್ಪೊನ್.

"ತಪ್ಪಾಯ್ತಾ?"

"ಇಲ್ಲ..." ಅವಳು ಅವನ ತೋಳಿಗೆ ಹಣೆಯೊರಗಿಸಿದಳು. "ಇನ್ನೊಂದ್ಸಲ ಅನ್ನು."