ಟೋಪಿ ಇಲ್ಲದ ಸೆಲ್ಯೂಟ್

ಆ ಮಂಗಳವಾರವೂ ಅವನು ಅದನ್ನೇ ಮಾಡಿದ. ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ಟೂಲ್ ಬಾಕ್ಸ್ ಕೆಳಗಿಟ್ಟ, ಹಿಮ್ಮಡಿ ಜೋಡಿಸಿದ, ಗ್ರೀಸ್ ಮೆತ್ತಿದ ಬಲಗೈಯನ್ನು ಹುಬ್ಬಿನ ತುದಿಗೆ ಒಯ್ದು ಫಟ್ಟನೆ ಒಂದು ಸೆಲ್ಯೂಟ್ ಹೊಡೆದ.

ಕೌಂಟರಿನ ಹಿಂದೆ ಅತ್ತೆ ಮುಸಿಮುಸಿ ನಕ್ಕಳು. ಕಾರು ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರು ಏನಾಯಿತೋ ಎಂದು ಗಾಬರಿಬಿದ್ದು ತಾವೂ ಎದ್ದು ನಿಂತರು.

ಕ್ಯಾಪ್ಟನ್‌ಗೆ ಮೈಯೆಲ್ಲ ಉರಿದುಹೋಯಿತು. ನೊಣ ಓಡಿಸುವವಳ ಹಾಗೆ ಕೈ ಎತ್ತಿ ಇಳಿಸಿದಳು. ಅವಳು ಮರಳಿ ಸೆಲ್ಯೂಟ್ ಮಾಡದೆ ಅವನು ಕೈ ಇಳಿಸುವ ಹಾಗಿಲ್ಲವಲ್ಲ. ಸೈನ್ಯದಲ್ಲಿ ಕಿರಿಯನ ಕೈ ಹಿರಿಯರ ಕೈಗಾಗಿ ಕಾಯಬೇಕು.

ಕ್ಯಾಪ್ಟನ್ ಎನ್ನುವುದು ಈಗ ಬೀದಿಯವರು ಕರೆಯುವ ಹೆಸರು ಅಷ್ಟೇ. ಅವಳು ಸೈನ್ಯದ ಸಾರಿಗೆ ದಳ ಬಿಟ್ಟು, ಅಪ್ಪನ ತಂಗಿಯಾದ ಈ ಅತ್ತೆಯ ಜೊತೆ ಸೇರಿ ಈ ಸ್ಕೂಲ್ ಶುರುಮಾಡಿ ಮೂರು ವರ್ಷವಾಯಿತು. ಅವನು ಅದೇ ದಳದಲ್ಲಿ ಟ್ರಕ್ ರಿಪೇರಿ ಮಾಡುತ್ತಿದ್ದ ಹವಾಲ್ದಾರ, ಈಗ ಪಕ್ಕದ ಬೀದಿಯ ಗ್ಯಾರೇಜಿನ ಮೆಕ್ಯಾನಿಕ್. ಕಲಿಸುವವರ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದನ್ನು ಪರೀಕ್ಷಿಸಲು ವಾರಕ್ಕೊಮ್ಮೆ ಬರುತ್ತಿದ್ದ.

"ಎಷ್ಟು ಸಲ ಹೇಳ್ಬೇಕು ನಿನಗೆ? ತಲೆ ಮೇಲೆ ಟೋಪಿ ಇಲ್ಲ, ಮೈಮೇಲೆ ಯೂನಿಫಾರ್ಮ್ ಇಲ್ಲ. ಹೊರಗಡೆ ಸಿಕ್ಕಾಗ ನೆಟ್ಟಗೆ ನಿಂತು 'ಚೆನ್ನಾಗಿದೀರಾ' ಅಂದ್ರೆ ಸಾಕು. ರೂಲ್ ಮರೆತುಹೋಯ್ತಾ?"

"ರೂಲ್ ನೆನಪಿದೆ ಮೇಡಂ."

"ಮತ್ತೆ?"

"ಬ್ರೇಕ್ ನೋಡ್ತೀನಿ ಮೇಡಂ." ಹೊರಗೆ ಹೋಗಿ ಕಾರಿನಡಿ ತೂರಿಕೊಂಡುಬಿಟ್ಟ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಒಂದೆರಡು ಸಲವಾದರೆ ನಕ್ಕು ಸುಮ್ಮನಾಗಬಹುದಿತ್ತು. ಬ್ಯಾಂಕಿನ ಕ್ಯೂನಲ್ಲಿ ಸೆಲ್ಯೂಟ್. ಸಿಗ್ನಲ್ಲಿನಲ್ಲಿ ಸೆಲ್ಯೂಟ್, ಟ್ರಾಫಿಕ್ ಪೊಲೀಸ್ ತನಗೇ ಎಂದುಕೊಂಡು ತಿರುಗಿ ಹೊಡೆದಿದ್ದ. ಚಪ್ಪಲಿ ಅಂಗಡಿಯಲ್ಲಿ ಇವಳು ಒಂದು ಕಾಲಿಗೆ ಹೀಲ್ಸ್ ಹಾಕಿಕೊಂಡು ಓಲಾಡುತ್ತಿದ್ದಾಗಲೂ ಸೆಲ್ಯೂಟ್. ಹೋದ ತಿಂಗಳು ಅವನು ಬರುವ ದಿನಕ್ಕೆಂದೇ ನೀಲಿ ಸೀರೆ ಉಟ್ಟು, ಕಣ್ಣಿಗೆ ಕಾಡಿಗೆ ತೀಡಿ ಬಾಗಿಲಲ್ಲೇ ನಿಂತಿದ್ದಳು. ಅವತ್ತಿನ ಸೆಲ್ಯೂಟ್ ಎಂದಿಗಿಂತ ಚೂರು ಜೋರಾಗಿತ್ತು, ಅಷ್ಟೇ.

"ಪಾಪ, ಅವನಿಗೆ ನಿನ್ನ ಮೇಲೆ ಗೌರವ ಕಣೇ," ಎಂದಳು ಅತ್ತೆ.

"ಆ ಗೌರವಾನ ಉಪ್ಪು ಹಾಕ್ಕೊಂಡು ನೆಕ್ಕಲಾ ಅತ್ತೆ?"

ಅವಳಿಗೆ ಬೇಕಾಗಿದ್ದದ್ದು ಅವನು. ಕೆಟ್ಟ ಎಂಜಿನ್ನಿಗೆ ಕಿವಿಯಿಟ್ಟು "ಏನಾಯ್ತು, ಹೇಳು ನೋಡೋಣ" ಎಂದು ಮಗುವಿನ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದನಲ್ಲ, ಆ ದನಿಯಲ್ಲಿ ತನ್ನನ್ನೂ ಒಮ್ಮೆ ಕೇಳಲಿ ಎಂದು ಅವಳಿಗೆ ಆಸೆ. ಆದರೆ ಪ್ರತಿ ಸಲ ಅವನು ಹಿಮ್ಮಡಿ ಜೋಡಿಸುವಾಗ ನಡುವೆ ಗೋಡೆಯೊಂದು ಏಳುತ್ತಿತ್ತು. ಅಧಿಕಾರಿಯನ್ನು ಯಾರಾದರೂ ಪ್ರೀತಿಸುತ್ತಾರೆಯೇ ಎಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಂಗಳಕ್ಕೆ ಹೋಗಿ ಕಾರಿನ ಪಕ್ಕ ನಿಂತಳು. ಕಾರಿನಡಿಯಿಂದ ದನಿ ಬಂತು.

"ಮುಂದಿನ ವಾರದಿಂದ ಬೇರೆಯವರು ಬರ್ತಾರೆ ಮೇಡಂ. ಬಂದರಿನಲ್ಲಿ ಕ್ರೇನ್ ವರ್ಕ್‌ಶಾಪಲ್ಲಿ ಕೆಲಸ ಸಿಕ್ಕಿದೆ. ಭಾನುವಾರ ಹೊರಡ್ತೀನಿ."

ಅವಳು ಬಾಗಿ ಕಾರಿನಡಿ ಇಣುಕಿದಳು. "ಎಷ್ಟು ದೂರ?"

"ರೈಲಲ್ಲಿ ಒಂದೂವರೆ ದಿನ."

"ಇಲ್ಲೇನು ಕಡಿಮೆಯಾಗಿತ್ತು?"

ಸ್ಪ್ಯಾನರ್ ಕಟಕಟ ಎಂದಿತು. ಸ್ವಲ್ಪ ಹೊತ್ತಿಗೆ ಅವನು ಹೊರಬಂದು, ಬಟ್ಟೆಯ ಚೂರಿಗೆ ಕೈ ಒರೆಸಿ, ಬಾಕ್ಸ್ ಮುಚ್ಚಿ ಗೇಟಿನ ಹತ್ತಿರ ಹೋದ. ತಿರುಗಿದ. ಹಿಮ್ಮಡಿ ಜೋಡಿಸಿದ. ಕೈ ಮೇಲೆ ಹೋಯಿತು.

ಅಭ್ಯಾಸಬಲದಿಂದ ಅವಳ ಕೈಯೂ ಅರ್ಧ ಎದ್ದಿತು. ಎದ್ದ ಕೈಯನ್ನು ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿದಳು.

"ಮೇಡಂ..."

"ಏನು?"

"ಕೈ ಇಳಿಸ್ಬೇಕು. ನೀವು..."

"ನಾನು ಎತ್ತಲ್ಲ. ರೂಲ್ ನೆನಪಿದೆ ಅಂದ್ಯಲ್ಲ, ನಿಂತ್ಕೋ ಹಾಗೇ. ಯಾಕೆ ಹೋಗ್ತಿದೀಯ, ಹೇಳು."

ಕಿಟಕಿಯಲ್ಲಿ ಅತ್ತೆಯ ತಲೆ, ಅದರ ಮೇಲೆ ಡಾಕ್ಟರ ತಲೆ. ಯಾರು ನೋಡಿದರೆ ಏನಂತೆ, ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

ಅವನು ಕೈ ಹಾಗೇ ಹಿಡಿದು ನಿಂತ. "ನನ್ನ ಕಂಡ್ರೆ ನಿಮಗೆ ಆಗಲ್ಲ. ಬಂದಾಗೆಲ್ಲ ಸಿಡುಕ್ತೀರಿ. ಎಷ್ಟು ದಿನ ಅಂತ ಸಹಿಸ್ಕೊಳ್ಳೋದು?"

"ನನಗಾಗದೇ ಇರೋದು ನಿನ್ನ ಸೆಲ್ಯೂಟು ಕಣೋ, ನೀನಲ್ಲ!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ತಪ್ಪು ಅಂತ ಗೊತ್ತಿದ್ದೂ ಯಾಕೆ ಹೊಡೀತೀಯ? ಪ್ರತಿ ಸಲ ನನ್ನನ್ನ ಯಾಕೆ ದೂರ ನಿಲ್ಲಿಸ್ತೀಯ?"

"ದೂರಾನಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಸೆಲ್ಯೂಟ್ ಹೊಡೆಯುವಾಗ ಎದುರಿನವರ ಕಣ್ಣನ್ನೇ ನೋಡ್ಬೇಕು ಮೇಡಂ. ಅದೂ ರೂಲೇ."

"ಅದಕ್ಕೆ?"

"ಬೇರೆ ಹೊತ್ತಲ್ಲಿ ನಿಮ್ಮ ಕಣ್ಣು ನೋಡೋಕೆ ನನಗೆ ಯಾವ ರೂಲಿದೆ, ಹೇಳಿ?"

ಅವಳು ಅವನ ಕಣ್ಣನ್ನು ನೋಡಿದಳು.

"ಅದನ್ನೂ ಎರಡೇ ಸೆಕೆಂಡಿಗೆ ಮುಗಿಸಿಬಿಡ್ತಿದ್ರಿ," ಎಂದ ಅವನು, ಮೆಲ್ಲಗೆ.

ಅಳಬೇಕೋ, ಆ ಟೂಲ್ ಬಾಕ್ಸ್ ಎತ್ತಿ ಅವನ ಕಾಲ ಮೇಲೆ ಹಾಕಬೇಕೋ ಅವಳಿಗೆ ತಿಳಿಯಲಿಲ್ಲ. ಮೂರು ವರ್ಷ! ಅವನು ನೋಡಲೆಂದು ಕಾಡಿಗೆ ತೀಡಿ, ಅವನು ನೋಡುವಷ್ಟರಲ್ಲಿ ತಾನೇ ಕೈ ಬೀಸಿ ಓಡಿಸಿದ್ದಳು.

"ಬ್ರೇಕ್ ವಾರವಾರ ಕೆಡುತ್ತೇನೋ ದಡ್ಡ? ತಿಂಗಳಿಗೊಂದ್ಸಲ ನೋಡಿದ್ರೂ ಸಾಕಿತ್ತು. ನಿನಗೋಸ್ಕರ ಕರೆಸ್ತಿದ್ದೆ."

"ಆರು ತಿಂಗಳಿಗೊಂದ್ಸಲ ಸಾಕು ಮೇಡಂ. ನಾನೂ ಬಾಯಿಬಿಡಲಿಲ್ಲ."

ಅವಳಿಗೆ ನಗು ಬಂತು. ಅವನ ಕೈ ಮಾತ್ರ ಇನ್ನೂ ಹುಬ್ಬಿನ ಹತ್ತಿರವೇ ಇತ್ತು.

"ಇಳಿಸು," ಎಂದಳು.

"ಆರ್ಡರಾ?"

"ಅಲ್ಲ. ಆರ್ಡರ್ ಕೊಡೋ ಕ್ಯಾಪ್ಟನ್ ಇಲ್ಲಿ ಯಾರೂ ಇಲ್ಲ. ನಾನು ಕೈ ಎತ್ತೋದೂ ಇಲ್ಲ. ನಿನಗೆ ಇಳಿಸ್ಬೇಕು ಅನ್ನಿಸಿದ್ರೆ ಇಳಿಸು."

ಸೈನ್ಯದಲ್ಲಿ ಹನ್ನೆರಡು ವರ್ಷ, ಹೊರಗೆ ಮೂರು ವರ್ಷ, ಯಾರ ಮುಂದೆಯೂ ಅವನು ತಾನಾಗಿ ಮೊದಲು ಕೈ ಇಳಿಸಿದವನಲ್ಲ. ಬೆರಳುಗಳು ಹಿಂಜರಿದವು. ಆಮೇಲೆ ನಿಧಾನವಾಗಿ ಕೈ ಕೆಳಗೆ ಬಂತು.

"ಭಾನುವಾರ?" ಎಂದು ಕೇಳಿದಳು.

"ಹೋಗಲ್ಲ."

ಕಿಟಕಿಯಲ್ಲಿ ಅತ್ತೆ ಡಾಕ್ಟರಿಗೆ ಇವತ್ತು ಕ್ಲಾಸ್ ಇಲ್ಲವೆಂದು ಹೇಳುತ್ತಿದ್ದಳು. ಅವನು ಗೇಟಿನ ಹತ್ತಿರ ನಿಂತೇ ಇದ್ದ.

"ಸೆಲ್ಯೂಟ್ ಮುಗೀತಲ್ಲ," ಎಂದಳು. "ಇನ್ನೂ ಯಾಕೆ ಹಾಗೆ ನೋಡ್ತಿದೀಯ?"

"ಮುಗೀತು. ಆದ್ರೂ ನೋಡ್ತಿದೀನಿ," ಎಂದ ಅವನು.

ಅವಳು ಈ ಸಲ ಯಾವ ಅವಸರವನ್ನೂ ಮಾಡಲಿಲ್ಲ.