ಏಳು ಚಪ್ಪಲಿಯ ಹಲಗೆ

ಟಕ್! ಟಕ್! ಟಕ್!

ಕೆಳಮನೆಯ ಪೊರಕೆ ಕೋಲು ಚಾವಣಿ ಕುಟ್ಟಿತು. ಗುಡುಗು ಆಗಷ್ಟೇ ಹಗ್ಗ ಬೀಸಿ ಮೇಲಕ್ಕೆ ನೆಗೆದಿದ್ದಳು. ಗಾಳಿಯಲ್ಲೇ ನಿಲ್ಲೋಕೆ ಆಗುತ್ತದೆಯೇ? ಧಡ್!

“ಇನ್ನೊಂದು ಸಲ ಆ ಕೋಲು ಕುಟ್ಟಿದ್ರೆ ನಿನ್ನ ಹಗ್ಗ ಬೀರು ಮೇಲೆ, ನೋಡ್ಕೋ!” ಎಂದಳು ಅಮ್ಮ.

ಶನಿವಾರ ಶಾಲೆಯಲ್ಲಿ ಸ್ಕಿಪ್ಪಿಂಗ್ ಕಾಂಪಿಟಿಷನ್. ಬೀದಿ ತುಂಬ ಬಸ್ಸು, ತಾರಸಿಗೆ ಬೀಗ. ಉಳಿದದ್ದು ಈ ರೂಮು ಒಂದೇ. ಕೆಳಗೆ ವಾಚ್ ರಿಪೇರಿ ಮಾಡುವ ಮಾಮ ಇದ್ದಾರೆ. ಅವಳಿಗೆ ಗುಡುಗು ಅಂತ ಹೆಸರಿಟ್ಟವರೂ ಅವರೇ.

ಗುಡುಗು ಕಂಬಳಿ ಮಡಚಿ ಹಾಸಿ ನೆಗೆದಳು. ಹಗ್ಗ ಕಂಬಳಿಗೆ ಸಿಕ್ಕಿಕೊಂಡು ದೊಪ್ಪನೆ ಬಿದ್ದಳು.

ಊಟಕ್ಕೆ ಬಂದಿದ್ದ ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕರು. ಅವರು ಬಡಗಿ. “ಮೇಲೆ ಗಟ್ಟಿ ಹಲಗೆ ಇರ್ಬೇಕು ಪುಟ್ಟಿ, ಅದರಡಿ ರಬ್ಬರು. ಹಲಗೆ ನಾನು ತರ್ತೀನಿ. ರಬ್ಬರು ನೀನು ಹುಡುಕು.”

ಸಂಜೆ ದೊಡ್ಡಪ್ಪ ಹಲಗೆ ಹೊತ್ತು ಒಳಗೆ ಬಂದಾಗ ಮೆಟ್ಟಿಲ ಬಳಿ ರಬ್ಬರ್ ಚಪ್ಪಲಿಗಳ ರಾಶಿಯೇ ಇತ್ತು. ಏಳನ್ನು ಕತ್ತರಿಸಿ ನೆಲದ ಮೇಲೆ ತುಂಡು ಜೋಡಿಸಿದಳು. ಹಲಗೆಯನ್ನು ಅದರ ಮೇಲಿಟ್ಟು, ಅಂದವಾಗಿ ಗೋಡೆಗೆ ಒತ್ತಿದಳು. ನೆಗೆದಳು.

ಟಕ್!

ಅಮ್ಮ ಕೈಚಾಚಿದಳು. “ಕೊಡು ಹಗ್ಗ.”

“ಅಮ್ಮಾ, ಮೂರು ಟಕ್ ಈಗ ಒಂದಾಗಿದೆ! ಪ್ಲೀಸ್, ಒಂದೇ ಒಂದು ಚಾನ್ಸ್! ದೊಡ್ಡಪ್ಪಾ, ನೀವು ನೆಗೀರಿ!” ಎನ್ನುತ್ತಾ ಗುಡುಗು ಕೆಳಕ್ಕೆ ಓಡಿದಳು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾಮ ಬಾಗಿಲು ತೆಗೆದರು. “ಬಾ ತಾಯೀ, ನಿನ್ನ ಗುಡುಗು ನೀನೇ ಕೇಳು.”

ಧಡ್! ತಟ್ಟೆಯಲ್ಲಿದ್ದ ಎಳ್ಳಿನಷ್ಟು ಸ್ಕ್ರೂ ಚಂಗನೆ ಹಾರಿತು. ಮಾಮ ಮಂಡಿಯೂರಿ ಹುಡುಕತೊಡಗಿದರು. ಅವಳೂ ಮಂಡಿಯೂರಿದಳು. ಅರ್ಧ ಗಂಟೆಯಾದ ಮೇಲೆ ಅದು ಮೇಜಿನ ಕಾಲಿನ ಸಂದಿಯಲ್ಲಿ ಸಿಕ್ಕಿತು.

“ದಿನಾ ಹೀಗೇನಾ ಮಾಮ?”

“ದಿನಕ್ಕೆ ನಾಲ್ಕು ಸಲ.”

“ದೊಡ್ಡಪ್ಪಾ, ಇನ್ನೊಂದು ಸಲ!” ಎಂದು ಅವಳು ಬಾಗಿಲಿಂದ ಕೂಗಿದಳು. ಮೇಲೆ ಮತ್ತೆ ಧಡ್! ಗುಡುಗು ತಲೆಯೆತ್ತಿದಳು. ಚಾವಣಿಯ ಫ್ಯಾನ್ ಅಲುಗಲಿಲ್ಲ. ಗೋಡೆ ಗಡಿಯಾರ ಮಾತ್ರ ಗಡಗಡ ನಡುಗಿತು.

“ಗೋಡೆ! ಸದ್ದು ಗೋಡೆ ಹಿಡ್ಕೊಂಡು ಇಳೀತಿದೆ!”

ಒಂದೇ ಉಸಿರಿಗೆ ಮೇಲೇರಿ, ಹಲಗೆಯನ್ನು ಗೋಡೆಯಿಂದ ಎರಡು ಬೆರಳಷ್ಟು ಈಚೆಗೆ ಎಳೆದಳು. ನೆಗೆದಳು. ಹತ್ತು... ಐವತ್ತು... ನೂರು! ಕೆಳಗೆ ಕೋಲು ಪಿಟ್ಟೆನ್ನಲಿಲ್ಲ. ಅಮ್ಮನ ಮುಖದಲ್ಲೂ ನಗು.

ಟಕ್!

ಗುಡುಗು ಹಗ್ಗ ಕೆಳಗೆ ಹಾಕಿದಳು. ಅಳುಮುಖ ಹೊತ್ತು ಕೆಳಗೆ ಹೋದಳು. “ಕೇಳಿಸ್ತಾ ಮಾಮ?”

“ಏನು ಕೇಳಿಸೋದು? ಎಷ್ಟು ಹೊತ್ತು ಕಾಯ್ಲಿ ನಾನು? ಯಾವಾಗ ಶುರು ಮಾಡ್ತೀಯಾ ಅಂತ ಕೇಳೋಕೆ ಕುಟ್ಟಿದೆ!”

“ಮಾಮಾ! ನೂರು ಮುಗೀತು!”

ಮಾಮ ಭೂತಗನ್ನಡಿ ತೆಗೆದು ಅವಳನ್ನೇ ನೋಡಿದರು. ಆಮೇಲೆ ಪೊರಕೆ ಕೋಲನ್ನು ಬಾಗಿಲ ಹಿಂದಕ್ಕೆ ಒರಗಿಸಿದರು.

“ನನ್ನ ಎಡಗಾಲಿನ ಚಪ್ಪಲಿ ಎಲ್ಲಿ?” ಮೇಲಿನಿಂದ ದೊಡ್ಡಪ್ಪನ ಕೂಗು ಕೇಳಿತು.

ಗುಡುಗು ನಾಲಗೆ ಕಚ್ಚಿಕೊಂಡಳು. ಮಾಮ ಆಗಲೇ ಮೇಜಿಗೆ ಬಾಗಿ ಚಿಮಟದಲ್ಲಿ ಆ ಪುಟ್ಟ ಸ್ಕ್ರೂ ಎತ್ತುತ್ತಿದ್ದರು. ಅವಳು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ತುದಿಗಾಲಲ್ಲಿ ಮೆಟ್ಟಿಲು ಹತ್ತಿದಳು.