ಅಣ್ಣನ ಡೌನ್‌ಲೋಡು, ಅವ್ವನ ಫೋನು

"ಮೊಬೈಲ್ ಮುಟ್ಟಬ್ಯಾಡ ಅಂದೀನಿ, ಜಿಜಾ."

"ಮುಟ್ಟಿಲ್ಲ. ಬರೇ ನೋಡ್ಲತ್ತೀನಿ."

ಮಧ್ಯಾಹ್ನದಿಂದ ಜಿಜಾ ಹೀಗೇ ಬರೇ ನೋಡುತ್ತಿದ್ದಳು. ಮೊಬೈಲ್ ಕಿಟಕಿಯಲ್ಲಿತ್ತು. ಬೀದರಿನ ಚಿದ್ರಿ ಬಡಾವಣೆಯ ಆ ಬಾಡಿಗೆ ಖೋಲಿಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅದರ ಹಾಟ್‌ಸ್ಪಾಟಿನಿಂದ ಅಣ್ಣ ಗೋರಖನಾಥನ ಹಳೇ ಕಂಪ್ಯೂಟರಿಗೆ ಡಾಕರ್ ಎಂಬ ಸಾಫ್ಟ್‌ವೇರ್ ಇಳಿಯುತ್ತಿತ್ತು. ಇಳಿಯುವುದೇನು ಬಂತು, ತೆವಳುತ್ತಿತ್ತು. ನಾಳೆ ಪಾಲಿಟೆಕ್ನಿಕ್ಕಿನಲ್ಲಿ ಅಣ್ಣ ಪ್ರಾಜೆಕ್ಟ್ ತೋರಿಸಬೇಕು. ಡಾಕರ್ ಇನ್‌ಸ್ಟಾಲ್ ಆಗದಿದ್ದರೆ ಅದು ನಡೆಯುವುದೇ ಇಲ್ಲ.

"ಡಾಕರ್ ಏನ್ ಮಾಡ್ತದ?"

"ಪ್ರೋಗ್ರಾಮಿಗಿ ಬೇಕಾದ್ದೆಲ್ಲ ಒಂದೇ ಡಬ್ಬ್ಯಾಗ ಹಾಕಿ ಇಡ್ತದ. ಕಾಲೇಜಿನ ಕಂಪ್ಯೂಟರಿಗಿ ಒಯ್ದರೂ ಹಂಗೇ ನಡೀತದ. ಅದಿಲ್ಲ, ಇದಿಲ್ಲ ಅಂತ ತಕರಾರ್ ಮಾಡಲ್ಲ."

"ಅವ್ವ ತವಾ, ಕೊಡ, ಜ್ವಾಳದ ಹಿಟ್ಟು ಎಲ್ಲಾ ಕಟ್ಕೊಂಡು ಪುಣೆಕ್ಕ ಹೋದ್ಳಲ್ಲ, ಹಂಗ?"

ಗೋರಖನಾಥ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎಪ್ಪತ್ತೆಂಟು ಪರ್ಸೆಂಟ್," ಎಂದ.

ಮಳೆ ಕೈಕೊಟ್ಟ ಎರಡನೇ ವರ್ಷ ಅದು. ತಮ್ಮೂರು ಡಾಬಕಾದಲ್ಲಿ ಕೂಲಿ ಸಿಗದೆ ಅವ್ವ, ಅಪ್ಪ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮಕ್ಕಳು ಅಜ್ಜಿಯ ಜೊತೆ ಬೀದರಿನಲ್ಲಿ ಉಳಿದರು. ಅವ್ವನ ಹತ್ತಿರ ಮೊಬೈಲ್ ಇಲ್ಲ. ಭಾನುವಾರ ಸಂಜೆ ಯಾರದಾದರೂ ಮೊಬೈಲ್ ಬೇಡಿ ಮಾತಾಡುತ್ತಿದ್ದಳು. ಹೋದ ಭಾನುವಾರ ಯಾರೂ ಕೊಡಲಿಲ್ಲವೇನೋ, ಫೋನ್ ಬಂದಿರಲಿಲ್ಲ. ಇವತ್ತು ಮತ್ತೆ ಭಾನುವಾರ. ಜಿಜಾಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಬೀದಿಯಲ್ಲಿ ಹಾರ್ನ್ ಕೇಳಿತು. "ಗೋರಖ್ಯಾ, ಟ್ಯಾಂಕರ್ ಬಂತು. ಲಗೂ ಬಾ," ಎಂದು ಅಜ್ಜಿ ಹೊರಗಿನಿಂದ ಕೂಗಿದಳು.

ಗೋರಖನಾಥ ಕೊಡಗಳನ್ನು ಎತ್ತಿಕೊಂಡ. "ಕಾಲ್ ಎತ್ತಿದ್ರ ನೆಟ್ ಬಂದ್ ಆಗ್ತದ. ಎತ್ತಬ್ಯಾಡ, ಕಟ್ ಮಾಡು. ಇನ್ನೊಂದು ಸಲ ಇಳಿಸೋ ಅಷ್ಟು ಡೇಟಾ ಇಲ್ಲ."

"ಅವ್ವಂದು ಬಂದ್ರ?"

ಅವನು ಬಾಗಿಲಲ್ಲಿ ತುಸು ನಿಂತ. "ಆಮ್ಯಾಲ ನಾವೇ ಮಾಡೋಣು," ಎಂದು ಹೋದ.

ಎಂಬತ್ತೈದು. ಎಂಬತ್ತೊಂಬತ್ತು. ತೊಂಬತ್ತೊಂದು ಆದಾಗ ಮೊಬೈಲ್ ಬಡಿದುಕೊಂಡಿತು. ಗುರುತಿಲ್ಲದ ನಂಬರು. ಅವ್ವನ ಫೋನು ಯಾವಾಗಲೂ ಗುರುತಿಲ್ಲದ ನಂಬರಿನಿಂದಲೇ ಬರುತ್ತಿತ್ತು. ಕಟ್ ಮಾಡಿದರೆ ಆ ಮನುಷ್ಯ ಮೊಬೈಲ್ ಜೇಬಿಗೆ ಹಾಕಿಕೊಂಡು ಹೋಗಿಬಿಟ್ಟರೆ? ಕೆಂಪು ಬಟನ್ ಕಡೆ ಹೋದ ಜಿಜಾಳ ಬೆರಳು ಹಸಿರು ಒತ್ತಿಬಿಟ್ಟಿತು.

"ಅವ್ವಾ."

ಆಮೇಲೆ ಅವಳ ಬಾಯಿಗೆ ಬಿಡುವೇ ಇಲ್ಲ. ಲೆಕ್ಕದ ಮಾರ್ಕ್ಸ್, ಹರಿದ ಚಪ್ಪಲಿ, ಗೆಳತಿ ಶಾಕಿರಾ ಟೂ ಬಿಟ್ಟದ್ದು, ಎಲ್ಲ ಹೇಳಿದಳು.

"ಅಣ್ಣ ಎಲ್ಲಿ?" ಅವ್ವ ನಡುವೆ ಕೇಳಿದಳು.

"ನೀರಿಗಿ ಹೋಗ್ಯಾನ. ಅವ್ವಾ, ಮತ್ತ ಕೇಳಿಲ್ಲಿ..."

ಮೊಬೈಲ್ ಕೊಟ್ಟವರು ವಾಪಸ್ ಕೇಳುವವರೆಗೂ ಅವಳದೇ ಮಾತು.

ಗೋರಖನಾಥ ಬಂದಾಗ ಪರದೆಯ ಮೇಲೆ 'ಫೇಲ್ಡ್' ಎಂದು ಇತ್ತು. ಜಿಜಾ ಗೋಡೆಗೆ ಅಂಟಿ ನಿಂತಿದ್ದಳು. "ಅವ್ವಂದು ಬಂದಿತ್ತು," ಎಂದಳು.

ಅವನು ಬೈಯಲಿಲ್ಲ. ಕೊಡ ಇಳಿಸಿ, ಮೌಸ್ ಒತ್ತಿ ನೋಡಿದ. ಡೌನ್‌ಲೋಡ್ ಮತ್ತೆ ಸೊನ್ನೆಯಿಂದ ಶುರುವಾಯಿತು. ಅದನ್ನು ನಿಲ್ಲಿಸಿ ಪೆನ್‌ಡ್ರೈವ್ ಹುಡುಕಿಕೊಂಡ.

"ಮಕ್ಸೂದ ಭಾಯಿ ಇಂಟರ್ನೆಟ್ ದುಕಾನಿಗಿ ಹೋಗ್ತೀನಿ. ಐತವಾರ ಲಗೂ ಬಂದ್ ಮಾಡ್ತಾರ."

ಹೊರಗೆ ಸೈಕಲ್ ಸ್ಟ್ಯಾಂಡ್ ತೆಗೆದವನು ಹತ್ತಲಿಲ್ಲ. ಬೇರೆ ಕಡೆ ನೋಡುತ್ತ ಕೇಳಿದ, "ಅವ್ವ ನನ್ನ ಕೇಳಿದ್ಳಾ?"

"ಕೇಳಿದ್ಳು."

"ಪ್ರಾಜೆಕ್ಟ್ ಅದ ಅಂತ ಹೇಳಿದಿ?"

ಜಿಜಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಣ್ಣನೂ ಎರಡು ವಾರದಿಂದ ಅವ್ವನ ದನಿ ಕೇಳಿರಲಿಲ್ಲ. ಮೀಸೆ ಬಂದ ಅಣ್ಣನಿಗೂ ಅವ್ವ ಬೇಕಾಗುತ್ತಾಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ಒಳಗೆ ಓಡಿ ಅದೇ ನಂಬರ್ ಒತ್ತಿದಳು. "ಮಾಮಾ, ಈಗ ಮಾತಾಡಿದ್ಳಲ್ಲ ನಮ್ಮವ್ವ, ಇನ್ನೊಂದು ಸಲ ಕೊಡ್ರಿ." ಆ ಕಡೆ ಯಾರೋ ಗೊಣಗಿದರು. ಯಾರೋ ಯಾರನ್ನೋ ಕರೆದರು. ಕೊನೆಗೆ ಅವ್ವ ಬಂದಳು.

ಜಿಜಾ ಕಿಟಕಿಯ ಸರಳುಗಳ ನಡುವಿನಿಂದ ಮೊಬೈಲನ್ನು ಅಣ್ಣನ ಕೈಗೆ ಕೊಟ್ಟಳು.

"ಅವ್ವಾ, ನಾಳಿ ನಂದು ಪ್ರಾಜೆಕ್ಟ್ ಅದ," ಎಂದ ಗೋರಖನಾಥ.

ಜಿಜಾ ಹೊರಗೆ ಬಂದು ಸೈಕಲ್ ಹಿಡಿದುಕೊಂಡಳು. ಕತ್ತಲಾಗುತ್ತಿತ್ತು. ದುಕಾನು ಬಂದ್ ಆಗುವ ಹೊತ್ತು. ಲಗೂ ಮಾಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು, ಹ್ಯಾಂಡಲ್ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಳು.